ಜಿಯಾಲಜಿಗೆ ಹುಡುಗರನ್ನು ಹುಡುಕಿಕೊಂಡು

ಬಳ್ಳಾರಿಯಲ್ಲಿ ಕೂತು ಜಿಯಾಲಜಿಗೆ ಹುಡುಗರು ಸಿಗುತ್ತಿಲ್ಲ ಅಂದರೆ ಹೊರಗಿನವರು ನಗುತ್ತಾರೆ. ಊರಿನ ನಡುವೆಯೇ ಬಂಡೆಯ ಗುಡ್ಡ, ಅದರ ಮೇಲೆ ಕೋಟೆ. ಪಶ್ಚಿಮಕ್ಕೆ ಹೊರಟರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಮುಂದೆ ಸಂಡೂರಿನ ಕಬ್ಬಿಣದ ಬೆಟ್ಟಗಳು. ರಾಯಚೂರು ಕಡೆ ಹೋದರೆ ಹಟ್ಟಿಯ ಚಿನ್ನದ ಗಣಿ. ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಗಳು. ಇಷ್ಟೆಲ್ಲ ಸುತ್ತಲೂ ಇದ್ದರೂ ನಾನು ಪಾಠ ಮಾಡುವ ಡಿಗ್ರಿ ಕಾಲೇಜಿನಲ್ಲಿ ಜಿಯಾಲಜಿ ಇರುವ ಬಿ.ಎಸ್ಸಿ. ಕಾಂಬಿನೇಷನ್‌ಗೆ ಬರುವವರು ಬೆರಳೆಣಿಕೆಯಷ್ಟು.

ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಲೆಕ್ಕ ಸರಳ. ಅಡ್ಮಿಷನ್ ಕಡಿಮೆಯಾದರೆ ಕಾಂಬಿನೇಷನ್ ನಡೆಸುವುದಿಲ್ಲ. ಕಾಂಬಿನೇಷನ್ ಇಲ್ಲದಿದ್ದರೆ ವರ್ಕ್‌ಲೋಡ್ ಇಲ್ಲ. ವರ್ಕ್‌ಲೋಡ್ ಇಲ್ಲದಿದ್ದರೆ ನಾನೂ ಇಲ್ಲ. ಹಾಗಾಗಿ ಪ್ರಾಂಶುಪಾಲರು ಕರೆದು, "ಈ ವರ್ಷ ಹುಡುಗರು ಬರದಿದ್ದರೆ ಮುಂದಿನ ವರ್ಷ ಕಷ್ಟ ಇದೆ ನೋಡಿ ಮೇಡಂ" ಅಂದಾಗ ನಾನೇ ಮುಂದೆ ಬಂದು ಪಿಯು ಕಾಲೇಜುಗಳಿಗೆ ಹೋಗುತ್ತೇನೆ ಎಂದೆ. ವಿಷಯದ ಮೇಲಿನ ಪ್ರೀತಿ ಇತ್ತು, ನಿಜ. ಆದರೆ ಹೊಟ್ಟೆಪಾಡೂ ಇತ್ತು. ಎರಡನ್ನೂ ಹೇಳಿಬಿಡುವುದು ಒಳ್ಳೆಯದು.

ವಿಭಾಗದಲ್ಲಿ ಮೊದಲೇ ಒಂದು ಪ್ರೆಸೆಂಟೇಷನ್ ಇತ್ತು. ಭೂಮಿಯ ಪದರಗಳ ಚಿತ್ರ, ಡೈನೋಸಾರ್, ಜ್ವಾಲಾಮುಖಿ, ಕೊನೆಗೆ ಸಂಬಳದ ಪಟ್ಟಿ. ಸರ್ಕಾರಿ ಪಿಯು ಕಾಲೇಜುಗಳಿಗೆ ಅದನ್ನು ಒಯ್ದು ಏನು ಮಾಡುವುದು? ಒಂದು ಕಡೆ ಪ್ರೊಜೆಕ್ಟರ್ ಕೆಟ್ಟಿರುತ್ತದೆ, ಇನ್ನೊಂದು ಕಡೆ ಕರೆಂಟ್ ಇರುವುದಿಲ್ಲ. ಎಲ್ಲ ಸರಿ ಇದ್ದರೂ ಬಳ್ಳಾರಿ ಬಿಸಿಲಿನಲ್ಲಿ ಊಟ ಆದ ಮೇಲಿನ ಪೀರಿಯಡ್. ಹುಡುಗರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ. ನಾನು ಲ್ಯಾಬಿನಿಂದ ಒಂದು ಚೀಲ ಕಲ್ಲು ತುಂಬಿಕೊಂಡು ಬಸ್ ಹತ್ತಿದೆ. ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ಫ್ರೀ. "ಚೀಲದಾಗ ಏನೈತ್ರೀ ಇಷ್ಟು ಭಾರ?" ಎಂದು ಕಂಡಕ್ಟರ್ ಕೇಳಿದರೆ ಕಲ್ಲು ಎಂದು ಹೇಳಲು ಮೊದಮೊದಲು ಮುಜುಗರ. ಆಮೇಲೆ ಅಭ್ಯಾಸವಾಯಿತು.

ಸಂಡೂರು ಕಡೆಯ ಒಂದು ಕಾಲೇಜಿನಲ್ಲಿ ನಡೆದದ್ದನ್ನು ಹೇಳಲೇಬೇಕು. ಮೇಜಿನ ಮೇಲೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ತುಂಡು ಇಟ್ಟು, ಇದೇನು ಗೊತ್ತಾ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೂತಲ್ಲಿಂದಲೇ, "ಲಂಪ್ಸ್ ಮೇಡಂ" ಎಂದ. ಪಕ್ಕದವನು, "ಗ್ರೇಡ್ ಜಾಸ್ತಿ ಇದೆ, ಅರವತ್ತೈದರ ಮೇಲೆ" ಎಂದ. ನಾನು ಸುಮ್ಮನಾದೆ. ಇವರಿಗೆ ಗಟ್ಟಿ ಅದಿರಾದ ಲಂಪ್ಸ್ ಗೊತ್ತು, ಪುಡಿ ಅದಿರಾದ ಫೈನ್ಸ್ ಗೊತ್ತು, ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ಬಿಎಚ್‌ಕ್ಯೂ ಗೊತ್ತು. ಮನೆಯಲ್ಲಿ ಅಪ್ಪ, ಮಾವ, ಅಣ್ಣ ಆಡುವ ಮಾತೇ ಅದು. ಶುದ್ಧ ಹೆಮಟೈಟ್‌ನಲ್ಲಿ ಕಬ್ಬಿಣದ ಪಾಲು ನೂರಕ್ಕೆ ಎಪ್ಪತ್ತರ ಹತ್ತಿರ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ ಅರವತ್ತೈದು ಅಂದರೆ ಎಷ್ಟು ಒಳ್ಳೆಯ ಅದಿರು ಎಂದು ವಿವರಿಸಿದೆ. ಆ ಮೇಲಿನ ಮಿತಿ ಅವರಿಗೆ ಹೊಸದು.

ಆಮೇಲೆ ಹೊಳಪಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಆ ಕಪ್ಪು ಕಲ್ಲನ್ನು ಉಜ್ಜಲು ಹೇಳಿದೆ. ಕಪ್ಪು ಕಲ್ಲು ಕೆಂಪು ಗೆರೆ ಎಳೆಯಿತು. ಇನ್ನೊಂದು ಕಬ್ಬಿಣದ ಅದಿರು ಮ್ಯಾಗ್ನೆಟೈಟ್ ಉಜ್ಜಿದರೆ ಕಪ್ಪು ಗೆರೆಯೇ ಬರುತ್ತದೆ, ಅದು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಸಂಡೂರಿನ ರಸ್ತೆ, ಮರ, ಬಸ್ಸು, ಯೂನಿಫಾರಂ ಎಲ್ಲ ಯಾಕೆ ಕೆಂಪು ಎಂದು ಕೇಳಿದೆ. ಬಿಲ್ಲೆಯ ಮೇಲಿನ ಗೆರೆ ನೋಡಿ ಅವರೇ ಉತ್ತರ ಹೇಳಿದರು. ಕಲ್ಲು ಗಟ್ಟಿಯಾಗಿದ್ದಾಗ ಕಪ್ಪು, ಪುಡಿಯಾದರೆ ಕೆಂಪು.

ಕೊನೆಗೆ ಬಿಎಚ್‌ಕ್ಯೂ ತುಂಡು ತೆಗೆದೆ. ಒಂದು ಪಟ್ಟಿ ಕಬ್ಬಿಣ, ಒಂದು ಪಟ್ಟಿ ಸಿಲಿಕಾ. ಗಣಿಯವರು ಇದನ್ನು ಕೆಲಸಕ್ಕೆ ಬಾರದ ಕಲ್ಲು ಎಂದು ಪಕ್ಕಕ್ಕೆ ಸುರಿದದ್ದೇ ಹೆಚ್ಚು. ಇದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು ಎಂದೆ. "ಸಮುದ್ರಾನಾ? ಇಲ್ಲಾ?" ಎಂದು ಒಬ್ಬಳು ಕಿಟಕಿಯಾಚೆ ಬೆಟ್ಟ ನೋಡಿದಳು. ಹೌದು, ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಿಂದೆ. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನುವಷ್ಟು ಕಡಿಮೆ. ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡತೊಡಗಿದ ಹಾಗೆ ಆ ಕಬ್ಬಿಣ ತುಕ್ಕಿನಂತೆ ತಳಕ್ಕೆ ಇಳಿಯಿತು ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಆ ಹುಡುಗಿ ಅಂದು ಬೇರೇನೂ ಕೇಳಲಿಲ್ಲ. ಅಡ್ಮಿಷನ್ ಸಮಯದಲ್ಲಿ ಬಂದಳು.

ಎಲ್ಲ ಕಡೆ ಇದೇ ಚೀಲ ನಡೆಯುವುದಿಲ್ಲ. ಸಿರುಗುಪ್ಪ ಕಡೆ ಭತ್ತದ ಗದ್ದೆ, ಕಪ್ಪು ಮಣ್ಣು, ಕಾಲುವೆ ನೀರು. ಅಲ್ಲಿನ ಹುಡುಗರಿಗೆ ಅದಿರು ಅಂದರೆ ಬೇರೆ ಊರಿನ ಸುದ್ದಿ. ಅಲ್ಲಿ ಮಣ್ಣಿನಿಂದ ಶುರು ಮಾಡಬೇಕು. ಸಿಂಧನೂರು ಕಡೆಯ ಒಂದು ಕಾಲೇಜಿನಲ್ಲಿ ವಿಜ್ಞಾನದವರು ಯಾರೂ ಪೀರಿಯಡ್ ಬಿಡಲಿಲ್ಲ. ಇತಿಹಾಸದ ಸರ್ ಒಬ್ಬರು ಮಧ್ಯೆ ಬಂದು ಮಾತಾಡಿ, ವಿಜ್ಞಾನ ವಿಭಾಗದ ಹುಡುಗರನ್ನು ಅರ್ಧ ಗಂಟೆ ಕೂಡಿಸಿಕೊಟ್ಟರು. ಅವರ ಋಣ ತೀರಿಸಲು ನಾನು ಮಸ್ಕಿಯಿಂದ ಮಾತು ತೆಗೆದೆ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್‌ಗೆ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಗಟ್ಟಿಯಾದದ್ದು ಆ ಶಾಸನದಿಂದ. ಹೊರಗೆ ಬಂದ ಮೇಲೆ ಇತಿಹಾಸದ ಸರ್, "ನಮ್ಮ ಸಬ್ಜೆಕ್ಟಿಗೂ ಇದನ್ನೇ ಹೇಳಿ ಹುಡುಗ್ರನ್ನ ಕರೀತೀನಿ ಬಿಡ್ರಿ" ಎಂದು ನಕ್ಕರು. ಅವರ ಕಥೆಯೂ ನಮ್ಮದೇ.

ಖಾಸಗಿ ಪಿಯು ಕಾಲೇಜುಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ನೀಟ್, ಸಿಇಟಿ ಕೋಚಿಂಗ್ ನಡೆಯುತ್ತಿದೆ, ಟೈಮಿಲ್ಲ ಎಂದು ಗೇಟಿನಲ್ಲೇ ಕಳಿಸಿದರು. ಅವರ ವ್ಯಾಪಾರ ಅದು, ಬೇಜಾರೇನಿಲ್ಲ. ಕಾಟ ಕೊಡುವುದು ಇನ್ನೊಂದು. ಬಿ.ಎಸ್ಸಿ. ಅಂದರೆ ಸೋತವರು ಹೋಗುವ ಜಾಗ ಅನ್ನುವ ಮಾತು ಆ ಗೇಟುಗಳಿಂದ ಹೊರಟು ಸರ್ಕಾರಿ ಕಾಲೇಜಿನ ಹುಡುಗರ ಕಿವಿಗೂ ಬಿದ್ದಿರುತ್ತದೆ.

ಕ್ಲಾಸಿನಲ್ಲಿ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಇದಕ್ಕೆ ಸಿಇಟಿ ಬರೀಬೇಕಾ? ಬೇಡ. ಮೂರು ವರ್ಷಾನಾ, ನಾಲ್ಕಾ? 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷ. ಪಿಯುಸಿಯಲ್ಲಿ ಓದಿಲ್ಲ, ಅರ್ಥ ಆಗುತ್ತಾ? ಈ ಪ್ರಶ್ನೆಗೆ ನನಗೆ ಉತ್ಸಾಹ ಜಾಸ್ತಿ. ಪಿಯುಸಿಯಲ್ಲಿ ಜಿಯಾಲಜಿ ಎಂಬ ವಿಷಯ ಇದೆ, ಆದರೆ ನಮ್ಮ ಕಡೆ ಅದನ್ನು ಕಲಿಸುವ ಕಾಲೇಜು ಹುಡುಕಬೇಕು. ಹಾಗಾಗಿ ಡಿಗ್ರಿಗೆ ಬರುವವರೆಲ್ಲ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ. ಫಿಸಿಕ್ಸ್‌ನಲ್ಲಿ ಹಿಂದೆ ಬಿದ್ದವನು ಇಲ್ಲಿ ಮುಂದೆ ಹೋಗಬಹುದು. ಹೋಗಿದ್ದನ್ನು ನೋಡಿದ್ದೇನೆ.

ಕೆಲಸದ ಪ್ರಶ್ನೆ ಬಂದಾಗ ವಿಭಾಗದಲ್ಲೇ ನನಗೂ ಹಿರಿಯರಿಗೂ ಸಣ್ಣ ಜಗಳ. ಬರೀ ಬಿ.ಎಸ್ಸಿ. ಮಾಡಿದರೆ ಜಿಯಾಲಜಿಸ್ಟ್ ಆಗುವುದಿಲ್ಲ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಈಗಲೇ ಯಾಕೆ ಹೇಳಬೇಕು, ಹೆದರಿ ಓಡುತ್ತಾರೆ ಎಂದು ಅವರ ವಾದ. ನನ್ನ ಪ್ರಕಾರ ಹೇಳದೇ ಇದ್ದರೆ ಮೂರು ವರ್ಷದ ನಂತರ ಶಾಪ ಹಾಕುತ್ತಾರೆ, ಅವರ ತಮ್ಮ ತಂಗಿಯರೂ ಬರುವುದಿಲ್ಲ. ಹಾಗಾಗಿ ದಾರಿಯನ್ನು ಇದ್ದ ಹಾಗೆ ಹೇಳುತ್ತೇನೆ. ಬಿ.ಎಸ್ಸಿ. ಆದ ಮೇಲೆ ಎಂ.ಎಸ್ಸಿ. ಮಾಡಲೇಬೇಕು. ಧಾರವಾಡದಲ್ಲಿದೆ, ಮೈಸೂರಿನಲ್ಲಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮುದ್ರದ ಜಿಯಾಲಜಿ ಇದೆ. ಜಾಮ್ ಪರೀಕ್ಷೆಯಲ್ಲಿ ಜಿಯಾಲಜಿ ಪೇಪರ್ ಬರೆದು ಐಐಟಿಗೂ ಹೋಗಬಹುದು. ಗಣಿಯ ನಂಟು ಬೇಕು ಅನ್ನುವವರಿಗೆ ಸಂಡೂರಿನ ನಂದಿಹಳ್ಳಿ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯ ಕೋರ್ಸ್ ಇದೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ್ದೇ ಅದು, ನಮ್ಮ ಮಗ್ಗುಲಲ್ಲೇ.

ಎಂ.ಎಸ್ಸಿ. ಮುಗಿದರೆ ಯುಪಿಎಸ್‌ಸಿ ನಡೆಸುವ ಜಿಯೋ ಸೈಂಟಿಸ್ಟ್ ಪರೀಕ್ಷೆ ಬರೆಯಬಹುದು. ಅದರಿಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಜಿಎಸ್‌ಐಗೆ, ಕೇಂದ್ರೀಯ ಅಂತರ್ಜಲ ಮಂಡಳಿಗೆ ಆಯ್ಕೆಯಾಗುತ್ತಾರೆ. ಹುದ್ದೆ ಕಡಿಮೆ, ಪೈಪೋಟಿ ಜಾಸ್ತಿ. ಅದನ್ನೂ ಹೇಳುತ್ತೇನೆ. ದೊಡ್ಡ ಗಣಿಗಳಲ್ಲಿ ಜಿಯಾಲಜಿಸ್ಟ್ ಇರಲೇಬೇಕು ಎಂದು ನಿಯಮವಿದೆ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ. ಹಟ್ಟಿ ಕಂಪನಿ ರಾಜ್ಯ ಸರ್ಕಾರದ್ದೇ. ಕಲ್ಯಾಣ ಕರ್ನಾಟಕದ ನಮ್ಮ ಭಾಗದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಇಷ್ಟು ಹೇಳಿದ ಮೇಲೆ ಯಾರೂ ಓಡಲಿಲ್ಲ. ಹೆದರಿ ಓಡುತ್ತಾರೆ ಅನ್ನುವುದು ನಮ್ಮ ಭಯ, ಅವರದ್ದಲ್ಲ.

ಓಡಿಸುವವರು ಮನೆಯಲ್ಲಿರುತ್ತಾರೆ. ಹುಡುಗ ಒಪ್ಪಿ ಮನೆಗೆ ಹೋಗುತ್ತಾನೆ, ಮಾರನೇ ದಿನ ಫೋನ್ ಸ್ವಿಚ್ ಆಫ್. ಹಾಗಾಗಿ ಆಸಕ್ತಿ ತೋರಿಸಿದವರ ಮನೆಗೂ ಹೋಗತೊಡಗಿದೆ. ಸಂಡೂರು ತಾಲ್ಲೂಕಿನ ಒಬ್ಬ ಅಪ್ಪ ಮೊದಲು ಟಿಪ್ಪರ್ ಓಡಿಸುತ್ತಿದ್ದವರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಟಿಪ್ಪರ್ ಕಂತು ಕಟ್ಟಲಾಗದೆ ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದರಂತೆ. "ಮೇಡಂ, ಗಣಿ ಅಂದ್ರೆ ಒಂದು ದಿನ ದುಡ್ಡು, ಒಂದು ದಿನ ಮಣ್ಣು. ನಾನು ಮಣ್ಣು ತಿಂದೀನಿ. ನನ್ನ ಮಗ ಬ್ಯಾಂಕ್ ಪರೀಕ್ಷೆ ಬರೀಲಿ" ಎಂದರು.

ಅವರ ಮಾತಿಗೆ ನನ್ನಲ್ಲಿ ಸುಲಭದ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸುಳ್ಳಲ್ಲವಲ್ಲ. ಆ ವರ್ಷಗಳಲ್ಲಿ ಏನಾಯಿತು ಎಂದು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಕೇಳಿದ್ದು ಒಂದೇ. ಆಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದು ಯಾವುದರ ಮೇಲೆ? ಗಡಿ ಎಲ್ಲಿ, ಎಷ್ಟು ಅಗೆದಿದ್ದಾರೆ, ತ್ಯಾಜ್ಯ ಎಲ್ಲಿ ಸುರಿದಿದ್ದಾರೆ ಅನ್ನುವ ಸರ್ವೆಯ ಮೇಲೆ. ಸಿ ಗುಂಪಿನ ಗುತ್ತಿಗೆಗಳು ರದ್ದಾದವು. ಉಳಿದವು ಮತ್ತೆ ಶುರುವಾಗಲು ಬೆಟ್ಟ ಸರಿಪಡಿಸುವ ಯೋಜನೆ ಬೇಕಾಯಿತು. ಅದಿರು ಸಾಗಿಸುವ ಕೆಲಸ ಮಾತ್ರ ಅಲ್ಲ ಇದು, ಲೆಕ್ಕ ಇಡುವ ಕೆಲಸವೂ ಹೌದು, ನಿಮ್ಮ ಮಗ ಆ ಕಡೆ ನಿಲ್ಲಬಹುದು ಎಂದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ. ಚಹಾ ಕುಡಿಸಿ ಕಳಿಸಿದರು. ಮಗ ಈಗ ಬಿ.ಎಸ್ಸಿ.ಯಲ್ಲಿ ಗಣಿತ, ಭೌತಶಾಸ್ತ್ರದ ಜೊತೆ ಬೇರೆ ವಿಷಯ ತೆಗೆದುಕೊಂಡಿದ್ದಾನೆ. ಎಲ್ಲ ಮನೆಯೂ ಒಲಿಯುವುದಿಲ್ಲ.

ಕುಷ್ಟಗಿ ತಾಲ್ಲೂಕಿನ ಒಂದು ಮನೆಯಲ್ಲಿ ತಾಯಿ ಬೇರೆ ಥರ. "ನಮ್ಮ ಹಿರಿಯರು ಕಲ್ಲು ಒಡದು ಸತ್ರು. ಈಕಿ ಓದಿ ಮತ್ತ ಕಲ್ಲಿಗೇ ಹೋಗ್ಬೇಕಾ ಯಕ್ಕಾ?" ಎಂದರು. ಹೆಣ್ಣುಮಗಳು ಗುಡ್ಡ ಸುತ್ತುವುದು, ಗಣಿಯೊಳಗೆ ಇಳಿಯುವುದು ಎಂದರೆ ಅವರಿಗೆ ದಿಗಿಲು. ನಾನೂ ಹೆಣ್ಣೇ, ಧಾರವಾಡದಲ್ಲಿ ಓದುವಾಗ ಫೀಲ್ಡಿಗೆ ಹೋಗಿ ಬಂದವಳೇ ಎಂದೆ. 2019ರಲ್ಲಿ ಗಣಿಯ ನೆಲದಾಳದಲ್ಲೂ ಹೆಣ್ಣುಮಕ್ಕಳು ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ತಾಂತ್ರಿಕ, ಮೇಲ್ವಿಚಾರಣೆಯ ಕೆಲಸ ಮಾಡಲು ಅನುಮತಿ ಬಂತು. ಅದಕ್ಕೆ ಮೊದಲು ಕಾನೂನೇ ಬಿಡುತ್ತಿರಲಿಲ್ಲ. ಇದ್ಯಾವುದೂ ಆ ತಾಯಿಗೆ ಮುಟ್ಟಲಿಲ್ಲ.

ಮುಟ್ಟಿದ್ದು ನೀರಿನ ಮಾತು. ನೀರು ಕೊಡುವಾಗ ಅವರೇ, "ಬೋರಿಂದಲ್ಲ ಬಿಡ್ರಿ, ಕ್ಯಾನ್ ನೀರು" ಎಂದರು. ಊರಿನ ಬೋರ್ ನೀರು ಕುಡಿದು ಮಕ್ಕಳ ಹಲ್ಲು ಹಳದಿ, ಮುದುಕರ ಮಂಡಿ ಹಿಡಿದಿದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಇದೇ ಕಥೆ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ನಮ್ಮ ಗ್ರಾನೈಟ್‌ನ ಖನಿಜಗಳಲ್ಲಿ ಫ್ಲೋರಿನ್ ಇರುತ್ತದೆ. ಮಳೆ ಕಡಿಮೆ, ಬೋರ್ ಆಳ, ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಇದನ್ನು ಕಂಡುಹಿಡಿದು ಹೇಳುವವರೂ ಜಿಯಾಲಜಿಯವರೇ ಎಂದೆ.

"ಅಂದ್ರ ಬೋರ್ ಪಾಯಿಂಟ್ ನೋಡೋರು?" ಎಂದರು ಮಗಳ ಅಜ್ಜ, ಮೂಲೆಯಲ್ಲಿ ಮಲಗಿದ್ದವರು ಎದ್ದು ಕೂತು. ಹೌದು ಎಂದೆ. ಹಳ್ಳಿಯಲ್ಲಿ ಎಲ್ಲರೂ ಕಂಡ ಜಿಯಾಲಜಿಸ್ಟ್ ಅವನೊಬ್ಬನೇ. ನೀರು ನೋಡಲು ತೆಂಗಿನಕಾಯಿ ಹಿಡಿದು ಬರುವವನ ಪಕ್ಕದಲ್ಲಿ, ನೆಲಕ್ಕೆ ಸರಳು ನೆಟ್ಟು ಕರೆಂಟ್ ಹಾಯಿಸಿ ಮೀಟರ್ ನೋಡುವವನು. ಒಂದು ಪಾಯಿಂಟಿಗೆ ಎಷ್ಟು ತಗೋತಾರೆ ಎಂದು ಅಜ್ಜ ಹೇಳಿದರು, ತಾಯಿ ಮಗಳ ಕಡೆ ನೋಡಿದರು. ಸಂಬಳದ ಪಟ್ಟಿ ಮಾಡದ ಕೆಲಸವನ್ನು ಆ ಅಜ್ಜ ಮಾಡಿಕೊಟ್ಟರು. ಅಂದಿನಿಂದ ಕೊಪ್ಪಳ ಕಡೆ ಹೋದರೆ ನಾನು ಮೊದಲು ಮಾತಾಡುವುದು ಬೋರಿನ ಬಗ್ಗೆಯೇ.

ಇಷ್ಟೆಲ್ಲ ಆದ ಮೇಲೂ ಅರ್ಜಿಯಲ್ಲಿ ನಮ್ಮ ಕಾಂಬಿನೇಷನ್ ಬರುತ್ತಿರಲಿಲ್ಲ. ಮನೆಯವರು ಒಪ್ಪಿದ್ದ ಹುಡುಗನೇ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಹಾಕಿಕೊಂಡು ಬಂದ. ಯಾಕೋ ಎಂದರೆ, "ಅಣ್ಣ ಹಾಕಿದ ಮೇಡಂ" ಎಂದ. ಯಾವ ಅಣ್ಣ? ಆನ್‌ಲೈನ್ ಸೆಂಟರ್ ಅಣ್ಣ.

ಡಿಗ್ರಿ ಅಡ್ಮಿಷನ್ ಈಗ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಹುಡುಗರು ಮೊಬೈಲಿನಲ್ಲಿ ಮಾಡುವುದು ಕಡಿಮೆ. ಬಸ್‌ಸ್ಟ್ಯಾಂಡ್ ಹತ್ತಿರದ ಸೆಂಟರ್‌ಗೆ ಹೋಗಿ ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ ಕೊಟ್ಟು ಒಟಿಪಿ ಹೇಳಿ ಬರುತ್ತಾರೆ. ಕಾಂಬಿನೇಷನ್ ಕ್ಲಿಕ್ ಮಾಡುವವನು ಆ ಅಣ್ಣ. ನಾನು ಒಂದು ಸೆಂಟರಿಗೆ ಹೋಗಿ ಕೇಳಿದೆ. "ಹುಡುಗ್ರು ಏನೂ ಹೇಳಲ್ಲ ಮೇಡಂ. ನೀನೇ ಯಾವುದಾದ್ರೂ ಚಲೋದು ಹಾಕಣ್ಣ ಅಂತಾರೆ. ಹಿಂದೆ ಲೈನ್ ನಿಂತಿರ್ತದೆ. ನಾನು ಮೊದಲು ಕಾಣಿಸಿದ್ದು ಹಾಕ್ತೀನಿ" ಎಂದ. ನಾನು ಬಿಸಿಲಲ್ಲಿ ಕಲ್ಲು ಹೊತ್ತು ತಿರುಗುತ್ತಿದ್ದರೆ, ಮೂರು ವರ್ಷದ ಓದು ಇಲ್ಲಿ ಒಂದು ಮೌಸ್ ಒತ್ತಿನಲ್ಲಿ ತೀರ್ಮಾನವಾಗುತ್ತಿತ್ತು!

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಯಾರೂ ಏನೂ ಹೇಳಿರಲಿಲ್ಲ. ಕನ್ನಡದಲ್ಲಿ ಒಂದು ಪುಟದ ಹಾಳೆ ಮಾಡಿದೆ. ಜಿಯಾಲಜಿ ಇರುವ ಕಾಂಬಿನೇಷನ್ ಯಾವುದು, ಪೋರ್ಟಲ್‌ನಲ್ಲಿ ಯಾವ ಹೆಸರಿನಲ್ಲಿ ಕಾಣುತ್ತದೆ, ಪಿಯುಸಿಯಲ್ಲಿ ಏನು ಓದಿರಬೇಕು, ಮುಂದೆ ಏನು ಓದಬಹುದು, ಕೊನೆಯಲ್ಲಿ ವಿಭಾಗದ ಫೋನ್ ನಂಬರ್. ಲ್ಯಾಮಿನೇಷನ್ ಮಾಡಿಸಿ ಬಳ್ಳಾರಿ, ಕುರುಗೋಡು, ಕಂಪ್ಲಿಯ ಸೆಂಟರ್‌ಗಳ ಗೋಡೆಗೆ ಅಂಟಿಸಿ ಬಂದೆ. ಆ ಹಾಳೆಯಿಂದ ಬಂದಷ್ಟು ಫೋನ್ ಪಿಯು ಕಾಲೇಜಿನ ಭಾಷಣದಿಂದ ಬರಲಿಲ್ಲ. ಅಡ್ಮಿಷನ್ ಬಗ್ಗೆ ಯಾರಾದರೂ ನನ್ನನ್ನು ಒಂದೇ ಸಲಹೆ ಕೇಳಿದರೆ ಸೆಂಟರ್ ಅಣ್ಣನ ಜೊತೆ ಚಹಾ ಕುಡಿಯಿರಿ ಎನ್ನುತ್ತೇನೆ.

ಸೇರಿದವರನ್ನು ಉಳಿಸಿಕೊಳ್ಳುವುದು ಇನ್ನೊಂದು ಪಾಡು. ಜೂನ್‌ನಲ್ಲಿ ಸೇರುತ್ತಾರೆ. ಸಿಇಟಿ ಸೀಟು ಹಂಚಿಕೆ ಒಂದೊಂದೇ ಸುತ್ತು ನಡೆಯುತ್ತಿದ್ದಂತೆ ನರ್ಸಿಂಗ್, ಅಗ್ರಿ, ಫಾರ್ಮಸಿ ಎಂದು ಟಿಸಿ ಕೇಳಲು ಬರುತ್ತಾರೆ. ಚೆನ್ನಾಗಿ ಓದುವವರೇ ಮೊದಲು ಹೋಗುವುದು. ತಡೆಯಲು ಆಗುವುದಿಲ್ಲ, ತಡೆಯಬಾರದು ಕೂಡ. ಇನ್ನೊಂದು ಕಡೆಯಿಂದ ಪಿಯುಸಿ ಪರೀಕ್ಷೆ ಮತ್ತೆ ಬರೆದು ಪಾಸಾದವರು ತಡವಾಗಿ ಬರುತ್ತಾರೆ. ಬೇರೆ ಕಡೆ ಸೀಟು ತುಂಬಿರುತ್ತದೆ, ಉಳಿದದ್ದು ನಾವು. ಇವರನ್ನು ಕೀಳಾಗಿ ನೋಡುವ ಉಪನ್ಯಾಸಕರಿದ್ದಾರೆ. ನನಗೆ ಈ ತಡವಾಗಿ ಬಂದ ಹುಡುಗರ ಮೇಲೆಯೇ ಆಸೆ, ಯಾಕೆಂದರೆ ಅವರು ಬಿಟ್ಟು ಹೋಗುವುದಿಲ್ಲ.

ಸುತ್ತುಗಳ ನಡುವಿನ ಆ ಗಲಿಬಿಲಿಯ ದಿನಗಳಲ್ಲಿ ಹೊಸಬರನ್ನು ಸಂಗನಕಲ್ಲಿಗೆ ಕರೆದುಕೊಂಡು ಹೋದೆವು. ಊರಿಗೆ ಹತ್ತಿರ. ಹುಡುಗಿಯರಿಗೆ ಬಸ್ ಫ್ರೀ, ಹುಡುಗರು ಮುಖ ಗಂಟು ಹಾಕಿಕೊಂಡು ಟಿಕೆಟ್ ತೆಗೆದರು. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಹೋಗುವ ಡಾಲರೈಟ್ ಎಂಬ ಕಪ್ಪು ಕಲ್ಲಿನ ಗೋಡೆಯನ್ನು ಅಲ್ಲಿ ಕೈಯಿಂದ ಮುಟ್ಟಿ ನೋಡಬಹುದು. ನವಶಿಲಾಯುಗದ ಜನ ಆ ಕಲ್ಲನ್ನೇ ಆರಿಸಿ ಕೊಡಲಿ ಮಾಡುತ್ತಿದ್ದರು. ಗ್ರಾನೈಟ್ ಯಾಕೆ ಬೇಡವಾಯಿತು ಎಂದು ಕೇಳಿ, ಎರಡನ್ನೂ ಸುತ್ತಿಗೆಯಿಂದ ಒಡೆಯಲು ಬಿಟ್ಟೆ. ಗುಡ್ಡದ ಬಂಡೆಗೆ ಕೈ ಹಚ್ಚಬಾರದು, ಚೀಲದಲ್ಲಿ ತಂದ ತುಂಡುಗಳು ಮಾತ್ರ ಎಂದು ಮೊದಲೇ ಹೇಳಿದ್ದೆ. ಗ್ರಾನೈಟ್ ಹರಳು ಹರಳಾಗಿ ಉದುರಿತು. ಡಾಲರೈಟ್ ಸಣ್ಣ ಹರಳಿನದು, ಚೂಪಾದ ಅಂಚು ಬಂತು. ಕಪ್ಪಗಲ್ಲಿನ ಕಡೆ ಬಡಿದರೆ ಗಂಟೆಯ ಹಾಗೆ ನಾದ ಬರುವ ಡಾಲರೈಟ್ ಗುಂಡುಗಳಿವೆ ಎಂದಾಗ ಯಾರೂ ನಂಬಲಿಲ್ಲ. ಜಿಯಾಲಜಿಸ್ಟ್ ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲ ಓಡಾಡಿ, ಬಳ್ಳಾರಿ ಜಿಲ್ಲೆಯ ಜಿಯಾಲಜಿ ಬಗ್ಗೆ ಬರೆದದ್ದು 1895ರಲ್ಲಿ ಜಿಎಸ್‌ಐನಿಂದ ಅಚ್ಚಾಯಿತು. ಅವನ ಹೆಸರಿನ ಮ್ಯೂಸಿಯಂ ಬಳ್ಳಾರಿಯಲ್ಲೇ ಇದೆ ಎಂದರೆ ಒಬ್ಬ, "ದಿನಾ ಅದರ ಮುಂದೇ ಹೋಗ್ತೀನಿ ಮೇಡಂ, ಒಳಗೆ ಬಿಡ್ತಾರಾ?" ಎಂದ.

ಕೊನೆಯ ಸುತ್ತು ಮುಗಿದಾಗ ಕೆಲವರು ಹೋದರು. ಉಳಿದವರು ವಿಭಾಗ ನಡೆಸಲು ಸಾಕು. ನನ್ನ ವರ್ಕ್‌ಲೋಡ್ ಉಳಿಯಿತು. ಮುಂದಿನ ವರ್ಷಗಳ ಅಡ್ಮಿಷನ್‌ಗೆ ಡಿಸೆಂಬರ್‌ನಲ್ಲೇ ಶುರು ಮಾಡುವ ಯೋಚನೆ ಇದೆ, ಅದೂ ಪ್ರಥಮ ಪಿಯುಸಿಯವರಿಂದ. ದ್ವಿತೀಯದವರಿಗೆ ಆಗ ಪರೀಕ್ಷೆಯ ತಲೆಬಿಸಿ, ಅವರ ಕಿವಿಗೆ ಏನೂ ಇಳಿಯುವುದಿಲ್ಲ. ಈ ಸಲ ಚೀಲ ಹೊರುವುದು ನಾನಲ್ಲ. ನಮ್ಮಲ್ಲಿ ಓದುತ್ತಿರುವ ಹುಡುಗರನ್ನು ಅವರು ಓದಿದ ಪಿಯು ಕಾಲೇಜುಗಳಿಗೇ ಕಳಿಸುತ್ತೇನೆ. ಸಮುದ್ರದ ಪ್ರಶ್ನೆ ಕೇಳಿದ ಹುಡುಗಿ ಸಂಡೂರಿಗೆ ತಾನೇ ಹೋಗುತ್ತೇನೆ ಎಂದು ಹೆಸರು ಬರೆಸಿದ್ದಾಳೆ.

ಸೆಂಟರ್ ಅಣ್ಣನ ಉತ್ಸಾಹ ಮಾತ್ರ ಈಗ ಸ್ವಲ್ಪ ಜಾಸ್ತಿಯೇ ಆಗಿದೆ. ಮೊನ್ನೆ ಫೋನ್ ಮಾಡಿ, "ಮೇಡಂ, ಒಬ್ಬ ಹುಡುಗ ಸಿಕ್ಕಿದ್ದಾನೆ, ಜಿಯಾಲಜಿಗೆ ಹಾಕ್ಲಾ? ಪಿಯುಸಿ ಕಾಮರ್ಸ್" ಎಂದ. ಬೇಡಪ್ಪಾ, ಅವನಿಗೆ ಬಿ.ಎಸ್ಸಿ. ಬರಲ್ಲ, ಬಿ.ಕಾಂ. ಹಾಕು ಎಂದೆ.